ಡಿಲೀಟ್ ಬಟನ್ ಯಾರ ಕೈಯಾಗ ಇತ್ತು? ಗ್ರೂಪ್ ಅಡ್ಮಿನ್‌ಗಳ ಒಂದು ಸಣ್ಣ ಇತಿಹಾಸ

ಭಾಗ 1/9 | ಪಗಾರ ಇಲ್ಲದ ಕಾವಲುಗಾರ

ಇತಿಹಾಸ ಅಂದ್ರ ಆದಿಲ್‌ಶಾಹಿ ಸುಲ್ತಾನರು, ಗೋಳಗುಮ್ಮಟದ ಅಳತೆ, ಇಷ್ಟೇ ಅಲ್ಲ ದೋಸ್ತ್ರ. ನಮ್ಮ ಕೈಯಾಗಿನ ಫೋನಿಗೂ ಒಂದು ಇತಿಹಾಸ ಐತಿ. ಅದರಾಗ ದೊಡ್ಡ ಕಂಪನಿಗಳ ಹೆಸರು, ಮಾಲೀಕರ ಹೆಸರು ಎಲ್ಲಾ ಬರ್ತಾವ. ಒಬ್ಬನ ಹೆಸರು ಮಾತ್ರ ಎಲ್ಲೂ ಬರೋದಿಲ್ಲ. ಅವನೇ ಗ್ರೂಪ್ ಅಡ್ಮಿನ್.

ವಿಜಯಪುರದಾಗ ಕ್ಲಾಸಿಗೊಂದು ಗ್ರೂಪ್, ಹಾಸ್ಟೆಲಿಗೊಂದು ಗ್ರೂಪ್, ಓಣಿಗೊಂದು ಗ್ರೂಪ್. ತಿಕೋಟಾ ಕಡೆ ಹೋದ್ರ ಒಣದ್ರಾಕ್ಷಿ ರೇಟು ಹಾಕೋ ಗ್ರೂಪ್, ದ್ರಾಕ್ಷಿಗೆ ಯಾವ ಔಷಧ ಹೊಡೀಬೇಕು ಅಂತ ಕೇಳೋ ಗ್ರೂಪ್. ಬಬಲೇಶ್ವರದಾಗ ಊರ ಸುದ್ದಿ, ಜಾತ್ರಿ ಕಮಿಟಿ, ಕ್ರಿಕೆಟ್ ಟೀಮು. ಇಷ್ಟೆಲ್ಲಾ ಗ್ರೂಪು ನಡೆಸೋರು ಯಾರು? ಪಗಾರ ಇಲ್ಲ, ತರಬೇತಿ ಇಲ್ಲ, ನೇಮಕ ಪತ್ರ ಇಲ್ಲ. ಯಾರು ಮೊದಲು ಗ್ರೂಪ್ ಮಾಡಿದರೋ ಅವರೇ ಅಡ್ಮಿನ್.

ದಿನಾ ಗುಡ್ ಮಾರ್ನಿಂಗ್ ಫೋಟೋ ಬರೋವರೆಗೂ ಈ ಕೆಲಸಕ್ಕೆ ತೂಕ ಇಲ್ಲ. ಆದರೆ ಒಂದು ದಿನ ಯಾರದೋ ಹುಡುಗಿಯ ತಿರುಚಿದ ಫೋಟೋ ಬರ್ತದ. ಇಲ್ಲಾ, ಸತ್ತ ಮಕ್ಕಳ ಫೋಟೋ ಹಾಕಿ “ನಮ್ಮ ಊರಿಗೂ ಮಕ್ಕಳ ಕಳ್ಳರು ಬಂದಾರ” ಅಂತ ಬರ್ತದ. ಆ ಹೊತ್ತಿನಲ್ಲಿ ಆ ಫೋಟೋಗೂ ಜನರಿಗೂ ನಡುವೆ ನಿಂತಿರುವುದು ಪೊಲೀಸರೂ ಅಲ್ಲ, ಕಂಪನಿಯೂ ಅಲ್ಲ. ಆ ಪಗಾರ ಇಲ್ಲದ ಅಡ್ಮಿನ್.

ಈ ಸರಣಿಯಲ್ಲಿ ನಾನು ಕೇಳುವ ಪ್ರಶ್ನೆ ಒಂದೇ. ಕೆಟ್ಟ ಫೋಟೋ ತೆಗೆದುಹಾಕುವ ಜವಾಬ್ದಾರಿ ಅಡ್ಮಿನ್ ತಲೆಮೇಲೆ ಬಂದದ್ದು ಯಾವಾಗ, ತೆಗೆಯುವ ಬಟನ್ ಅವನ ಕೈಗೆ ಬಂದದ್ದು ಯಾವಾಗ? ಈ ಎರಡೂ ತಾರೀಕು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಕರ್ನಾಟಕದ್ದೇ ಒಂದು ಕಥೆ ಹೊರಗ ಬರ್ತದ.

ಭಾಗ 2/9 | ಆರ್ಕುಟ್ ಕಾಲ

ನಿಮಗಿಂತ ಹತ್ತು ಹನ್ನೆರಡು ವರ್ಷ ದೊಡ್ಡ ಅಕ್ಕನನ್ನೋ ಅಣ್ಣನನ್ನೋ ಕೇಳಿ ನೋಡ್ರಿ, ಆರ್ಕುಟ್ ಅಂದ್ರ ಕಣ್ಣು ಅರಳತಾವ. 2004ರಲ್ಲಿ ಶುರುವಾಗಿ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಅದರಲ್ಲಿ “ಕಮ್ಯುನಿಟಿ” ಅಂತ ಇರ್ತಿದ್ದವು. ಊರಿನ ಹೆಸರಲ್ಲಿ, ಕಾಲೇಜಿನ ಹೆಸರಲ್ಲಿ, ಸಿನಿಮಾ ನಟರ ಹೆಸರಲ್ಲಿ ಯಾರು ಬೇಕಾದರೂ ಕಟ್ಟಬಹುದಿತ್ತು. ಕಟ್ಟಿದವನಿಗೆ ಓನರ್ ಅಂತ ಹೆಸರು. ಅವನು ಸಹಾಯಕ್ಕೆ ಮಾಡರೇಟರ್‌ಗಳನ್ನು ಇಟ್ಟುಕೊಳ್ಳಬಹುದಿತ್ತು.

ಇಲ್ಲಿ ಒಂದು ಮಾತು ನೆನಪಿಡ್ರಿ. ಆ ಕಾಲದಲ್ಲೇ ಓನರ್‌ಗೂ ಮಾಡರೇಟರ್‌ಗೂ ಬೇರೆಯವರು ಹಾಕಿದ್ದನ್ನು ಅಳಿಸುವ ಅಧಿಕಾರ ಇತ್ತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ರೊಕ್ಕ ಕೊಟ್ಟು ಕೂತು ಅವರು ಕಮ್ಯುನಿಟಿ ಸ್ವಚ್ಛ ಮಾಡ್ತಿದ್ದರು.

ಅದೇ 2004ರಲ್ಲಿ, ಸೆಪ್ಟೆಂಬರ್ 7ಕ್ಕೆ, ಇನ್ನೊಂದು ಜಾಗ ಹುಟ್ಟಿತು: ವಿಕಿಮೀಡಿಯ ಕಾಮನ್ಸ್. ವಿಕಿಪೀಡಿಯದಲ್ಲಿ ನೀವು ನೋಡುವ ಫೋಟೋಗಳಲ್ಲಿ ಬಹುಪಾಲು ಇರುವುದು ಅಲ್ಲಿ. ಗೋಳಗುಮ್ಮಟದ್ದು, ಇಬ್ರಾಹಿಂ ರೋಜಾದ್ದು, ಸ್ವಯಂಸೇವಕರು ತೆಗೆದು ಪುಕ್ಕಟೆ ಕೊಟ್ಟ ಫೋಟೋಗಳು ಅಲ್ಲಿ ಅದಾವ. ಕನ್ನಡ ವಿಕಿಪೀಡಿಯ ಅದಕ್ಕಿಂತ ಒಂದು ವರ್ಷ ಮೊದಲೇ, 2003ರಲ್ಲಿ, ಶುರುವಾಗಿತ್ತು. ಅಲ್ಲೂ ಅಡ್ಮಿನ್‌ಗಳು ಸ್ವಯಂಸೇವಕರೇ. ಅವರಿಗೂ ಅಳಿಸುವ ಬಟನ್ ಇತ್ತು.

ಅಂದ್ರ, 2004ರ ಹೊತ್ತಿಗೇ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ: ನಾಲ್ಕು ಜನ ಸೇರಿ ಫೋಟೋ ಹಾಕುವ ಜಾಗ ಇದ್ದರೆ ಅದನ್ನು ತೆಗೆಯುವವರೂ ಒಬ್ಬರು ಇರಬೇಕು. ಹಂಗಾದ್ರ ಮುಂದೆ ಬಂದ ವಾಟ್ಸ್‌ಆ್ಯಪ್‌ನಲ್ಲಿ ಈ ಬಟನ್ ಯಾಕ ಇರಲಿಲ್ಲ? ಅದಕ್ಕೂ ಮೊದಲು ಬೆಂಗಳೂರಿಗೆ ಹೋಗಿ ಬರೋಣ.

ಭಾಗ 3/9 | 2012, ಬೆಂಗಳೂರು ರೈಲ್ವೆ ಸ್ಟೇಷನ್

2012ರ ಆಗಸ್ಟ್. ಅಸ್ಸಾಮಿನಲ್ಲಿ ಗಲಭೆ ನಡೆದಿತ್ತು. ಅದರ ಜೊತೆಗೆ ಫೋನುಗಳಲ್ಲಿ, ಇಂಟರ್ನೆಟ್ಟಿನಲ್ಲಿ ಫೋಟೋಗಳು ಓಡಾಡಿದವು. ಸಾಲಾಗಿ ಮಲಗಿಸಿದ ಹೆಣಗಳು, ನಡುವೆ ನಿಂತ ಬೌದ್ಧ ಸನ್ಯಾಸಿಗಳು. “ನೋಡಿ, ಮ್ಯಾನ್ಮಾರಿನಲ್ಲಿ ನಮ್ಮವರನ್ನು ಹೆಂಗ ಕೊಂದಾರ” ಅನ್ನುವ ಅರ್ಥದ ಬರಹ.

ಆ ಫೋಟೋ ಸುಳ್ಳಲ್ಲ, ಅದಕ್ಕೆ ಅಂಟಿಸಿದ ಮಾತು ಸುಳ್ಳು. 2010ರಲ್ಲಿ ಟಿಬೆಟಿಯನ್ನರು ವಾಸಿಸುವ ಯೂಶು ಎಂಬಲ್ಲಿ ಭೂಕಂಪ ಆಗಿತ್ತು. ಸತ್ತವರ ಅಂತ್ಯಕ್ರಿಯೆಗೆ ಸನ್ಯಾಸಿಗಳು ಬಂದಿದ್ದರು. ಅದು ಆ ಫೋಟೋ. ಹೆಣ ಹೊರಲು ಬಂದವರನ್ನೇ ಕೊಂದವರು ಅಂತ ತೋರಿಸಿದರು.

ಇದರ ಬೆನ್ನಿಗೆ ಈಶಾನ್ಯ ರಾಜ್ಯದವರ ಮೇಲೆ ಸೇಡಿನ ದಾಳಿ ಆಗ್ತದ ಅಂತ ಎಸ್‌ಎಂಎಸ್‌ಗಳು ಹಬ್ಬಿದವು. ಬೆಂಗಳೂರಿನಲ್ಲಿ ಓದುತ್ತಿದ್ದ, ಹೋಟೆಲು, ಸೆಕ್ಯುರಿಟಿ, ಬ್ಯೂಟಿ ಪಾರ್ಲರ್‌ಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಜನ ಗಂಟು ಮೂಟೆ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಬೆಂಗಳೂರಿನಲ್ಲಿ ಅವರು ಹೆದರಿದ ಆ ದೊಡ್ಡ ದಾಳಿ ನಡೆಯಲೇ ಇಲ್ಲ. ಆದರೆ ಅಂಜಿಕೆ ಮಾತ್ರ ಖರೇನೇ ಇತ್ತು.

ಸರ್ಕಾರ ಏನು ಮಾಡಿತು? ಆಗಸ್ಟ್ 17ಕ್ಕೆ ದೇಶದ ತುಂಬಾ ಸಗಟು ಎಸ್‌ಎಂಎಸ್, ಎಂಎಂಎಸ್ 15 ದಿನ ಬಂದ್. ಒಬ್ಬರು ದಿನಕ್ಕೆ 5 ಎಸ್‌ಎಂಎಸ್ ಮಾತ್ರ. ತಿರುಚಿದ ಫೋಟೋ ಇದ್ದ ನೂರಾರು ವೆಬ್ ಪುಟಗಳಿಗೆ ತಡೆ ಹಾಕಿತು.

ಈ 5 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ರಿ. ಆರು ವರ್ಷದ ಮೇಲೆ ಮತ್ತ ಬರ್ತದ. ಇನ್ನೊಂದು ಮಾತು. ಎಸ್‌ಎಂಎಸ್‌ನಲ್ಲಿ ಅಡ್ಮಿನ್ ಅಂತ ಯಾರೂ ಇರಲಿಲ್ಲ. ನಡುವೆ ನಿಂತು “ಇದು ಬ್ಯಾಡ” ಅನ್ನೋರು ಇಲ್ಲದ್ದಕ್ಕೆ ಇಡೀ ದೇಶದ ನಲ್ಲಿಯನ್ನೇ ತಿರುವಬೇಕಾಯಿತು.

ಭಾಗ 4/9 | ಜನ ಹೆಚ್ಚಾದರು, ಬಟನ್ ಬರಲಿಲ್ಲ

ಆಮೇಲೆ ಎಸ್‌ಎಂಎಸ್ ಜಾಗಕ್ಕೆ ವಾಟ್ಸ್‌ಆ್ಯಪ್ ಬಂತು. ಮೊದಲಿಗೆ ಒಂದು ಗ್ರೂಪಿನಲ್ಲಿ ಕೆಲವೇ ಜನ. 2014ರ ಕೊನೆಗೆ 100 ಜನ ಸೇರಬಹುದಾಯಿತು. 2016ಕ್ಕೆ 256. ನಂತರ 2022ರಲ್ಲಿ 512, ಅದೇ ವರ್ಷ 1024. ಒಂದು ಸಣ್ಣ ಹಳ್ಳಿಯ ಜನ ಒಂದೇ ಗ್ರೂಪಿನಲ್ಲಿ ಹಿಡಿಸತಾರ.

2016ರ ಏಪ್ರಿಲ್‌ನಲ್ಲಿ ಇನ್ನೊಂದು ಬದಲಾವಣೆ ಆಯಿತು. ಎಲ್ಲಾ ಮೆಸೇಜಿಗೂ ಪೂರ್ತಿ ಗೂಢಲಿಪಿಯ ಬೀಗ ಬಿತ್ತು. ಕಳಿಸಿದವರಿಗೂ ಪಡೆದವರಿಗೂ ಬಿಟ್ಟರೆ ನಡುವೆ ಕಂಪನಿಗೂ ಕಾಣೋದಿಲ್ಲ. ಇದು ಒಳ್ಳೆಯದೇ. ನಮ್ಮ ಖಾಸಗಿ ಮಾತು ನಮ್ಮಲ್ಲೇ ಇರ್ತದ. ಆದರೆ ಇದರ ಇನ್ನೊಂದು ಮುಖ ಏನಪ್ಪಾ ಅಂದ್ರ, ಫೇಸ್‌ಬುಕ್ಕಿನಲ್ಲಿ ಇರುವಂತೆ ಪಗಾರ ತಗೊಂಡು ಫೋಟೋ ಪರೀಕ್ಷಿಸುವ ನೌಕರರು ಗ್ರೂಪಿನೊಳಗೆ ಬರುವಂತಿಲ್ಲ. ಯಾರಾದರೂ “ರಿಪೋರ್ಟ್” ಒತ್ತಿದರೆ ಮಾತ್ರ ಕೊನೆಯ ಕೆಲವು ಮೆಸೇಜು ಕಂಪನಿಗೆ ಹೋಗ್ತಾವ. ಉಳಿದಂತೆ ಗ್ರೂಪಿನೊಳಗಿನ ಎಲ್ಲ ಭಾರ ಅಡ್ಮಿನ್ ಮೇಲೆ.

2017ರ ಏಪ್ರಿಲ್‌ನಲ್ಲಿ ವಾರಾಣಸಿಯ ಜಿಲ್ಲಾಡಳಿತ ಮತ್ತು ಪೊಲೀಸರು ಒಂದು ಆದೇಶ ಹೊರಡಿಸಿದರು: ಗ್ರೂಪಿನಲ್ಲಿ ಸುಳ್ಳು, ಪ್ರಚೋದಕ ಸಂಗತಿ ಬಂದರೆ ಅಡ್ಮಿನ್ ಮೇಲೂ ಕೇಸು. ಅದಾದ ಮೇಲೆ ಸ್ವಲ್ಪ ದಿನಕ್ಕೇ ನಮ್ಮ ಉತ್ತರ ಕನ್ನಡದ ಭಟ್ಕಳ ತಾಲೂಕಿನ ಮುರ್ಡೇಶ್ವರದಲ್ಲಿ ಒಬ್ಬ ಗ್ರೂಪ್ ಅಡ್ಮಿನ್ ಬಂಧನ ಆಯಿತು. ಗ್ರೂಪಿನಲ್ಲಿ ಪ್ರಧಾನಿಯವರ ತಿರುಚಿದ ಅಶ್ಲೀಲ ಫೋಟೋ ಬಂದಿತ್ತು ಅನ್ನೋದು ದೂರು. ದೇಶದ ಪತ್ರಿಕೆಗಳಲ್ಲೆಲ್ಲಾ ಸುದ್ದಿ ಆಯಿತು.

ಈಗ ತಾರೀಕು ಪಕ್ಕಕ್ಕೆ ಇಡ್ರಿ. “ಎಲ್ಲರಿಗೂ ಅಳಿಸು” ಅನ್ನುವ ಬಟನ್ ವಾಟ್ಸ್‌ಆ್ಯಪ್‌ಗೆ ಬಂದದ್ದೇ 2017ರ ಅಕ್ಟೋಬರ್ ಕೊನೆಗೆ. ಅದೂ ಕಳಿಸಿದವನಿಗೆ ಮಾತ್ರ, 7 ನಿಮಿಷದೊಳಗೆ ಮಾತ್ರ. ಅಂದ್ರ 2017ರ ಮೇ ತಿಂಗಳಲ್ಲಿ ಗ್ರೂಪಿಗೆ ಒಂದು ಫೋಟೋ ಬಿತ್ತು ಅಂದರೆ, ಹಾಕಿದವನಿಗೂ ಅದನ್ನು ಉಳಿದವರ ಫೋನಿನಿಂದ ತೆಗೆಯಲು ಆಗ್ತಿರಲಿಲ್ಲ, ಅಡ್ಮಿನ್‌ಗೂ ಆಗ್ತಿರಲಿಲ್ಲ. ಅಡ್ಮಿನ್ ಕೈಯಲ್ಲಿ ಇದ್ದದ್ದು ಒಂದೇ: ಹಾಕಿದವನನ್ನು ಗ್ರೂಪಿನಿಂದ ಹೊರಗೆ ಹಾಕುವುದು. ಮನುಷ್ಯ ಹೋಗ್ತಾನ, ಫೋಟೋ ಉಳೀತದ.

ಭಾಗ 5/9 | 2018, ಮುರ್ಕಿ

ಈ ಭಾಗ ಓದಲಿಕ್ಕೆ ಕಷ್ಟ. ಆದರೂ ಓದ್ರಿ.

2016ರಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ರೋಶನಿ ಹೆಲ್ಪ್‌ಲೈನ್ ಅನ್ನುವ ಸಂಸ್ಥೆಗಾಗಿ ಒಂದು ಜಾಗೃತಿ ವಿಡಿಯೋ ಮಾಡಿದರು. ಓಣಿಯಲ್ಲಿ ಹುಡುಗರು ಆಡ್ತಿರ್ತಾರ. ಬೈಕಿನಲ್ಲಿ ಇಬ್ಬರು ಬಂದು ಒಂದು ಹುಡುಗನನ್ನು ಎತ್ತಿಕೊಂಡು ಹೋಗ್ತಾರ. ಮತ್ತ ವಾಪಸ್ ತಂದು ಬಿಟ್ಟು ಒಂದು ಫಲಕ ಹಿಡೀತಾರ: ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಅನ್ನುವ ಎಚ್ಚರಿಕೆ.

ಯಾರೋ ಆ ಕೊನೆಯ ಭಾಗ ಕತ್ತರಿಸಿದರು. ಉಳಿದದ್ದು ಬರೀ ಅಪಹರಣ. ಅದರ ಜೊತೆಗೆ ಸಾಲಾಗಿ ಮಲಗಿಸಿದ ಸತ್ತ ಮಕ್ಕಳ ಫೋಟೋ ಒಂದು. ಅದು 2013ರಲ್ಲಿ ಸಿರಿಯಾದಲ್ಲಿ ನಡೆದ ವಿಷಾನಿಲ ದಾಳಿಯದ್ದು. ಎರಡೂ ಸೇರಿ ಭಾರತದ ಫೋನುಗಳಲ್ಲಿ “ಮಕ್ಕಳ ಕಳ್ಳರು” ಆದವು.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ತರುಣನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು.

ಜುಲೈ 13, ಶುಕ್ರವಾರ. ಬೀದರ್ ಜಿಲ್ಲೆಯ ಔರಾದ್ ತಾಲೂಕು. ಹೈದರಾಬಾದಿನಿಂದ ಬಂದ ಗೆಳೆಯರು ಕಾರು ನಿಲ್ಲಿಸಿ ದಾರಿಯಲ್ಲಿ ಕಂಡ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅವರಲ್ಲಿ ಒಬ್ಬರು ಕತಾರ್ ದೇಶದಿಂದ ಬಂದ ಅತಿಥಿ. ಚಾಕಲೇಟ್ ಕೊಟ್ಟದ್ದೇ ಅನುಮಾನ ಆಯಿತು. ಜನ ಸೇರಿದರು, ಮಾತಿಗೆ ಮಾತು ಬೆಳೆಯಿತು. ಅವರು ಕಾರು ಹತ್ತಿ ಹೊರಟರು. ಆದರೆ ಅವರ ಚಿತ್ರ, ವಿಡಿಯೋ ಅವರಿಗಿಂತ ಮುಂದೆ ಓಡಿತು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ನೋಡಿದ ಮುರ್ಕಿಯ ಜನ ರಸ್ತೆ ಕಟ್ಟಿ ನಿಂತಿದ್ದರು. ಕಾರು ಹಳ್ಳಕ್ಕೆ ಬಿತ್ತು. ಅಲ್ಲಿ ಜನ ಮುಗಿಬಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತರು. ಉಳಿದವರು ಗಾಯಗೊಂಡು ಆಸ್ಪತ್ರೆ ಸೇರಿದರು.

ಸುಮಾರು 30 ಜನರ ಬಂಧನ ಆಯಿತು. ಅದರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ಒಂದು ಊರಿನಿಂದ ಮುಂದಿನ ಊರಿಗೆ ಕಾರು ಹೋಗುವಷ್ಟು ಹೊತ್ತು. ಒಂದು ಫೋಟೋ ತಡೆಯಲು ಇದ್ದ ಸಮಯ ಅಷ್ಟೇ.

ಭಾಗ 6/9 | ಸಾವಿನ ನಂತರ ಬಂದ ಸೆಟ್ಟಿಂಗುಗಳು

2018ರ ಬ್ಯಾಸಗಿ, ಮಳೆಗಾಲದಲ್ಲಿ ಇಂಥ ಸಾವುಗಳು ದೇಶದ ಬೇರೆ ರಾಜ್ಯಗಳಲ್ಲೂ ಆದವು. ಸರ್ಕಾರ ವಾಟ್ಸ್‌ಆ್ಯಪ್‌ಗೆ ಬಿಸಿ ಮುಟ್ಟಿಸಿತು. ಆಗ ಒಂದೊಂದೇ ಬದಲಾವಣೆ ಬಂದವು.

👉 2018ರ ಜೂನ್ ಕೊನೆ: ಬೇಕಾದರೆ ಅಡ್ಮಿನ್‌ಗಳು ಮಾತ್ರ ಮೆಸೇಜು ಹಾಕುವಂತೆ ಗ್ರೂಪನ್ನು ಮುಚ್ಚುವ ಸೆಟ್ಟಿಂಗ್.
👉 2018ರ ಜುಲೈ: “ಫಾರ್ವರ್ಡೆಡ್” ಅನ್ನುವ ಚೀಟಿ. ಅದೇ ತಿಂಗಳು, ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗಿಂತ ಹೆಚ್ಚು ಫಾರ್ವರ್ಡ್ ಇಲ್ಲ.
👉 2020ರ ಏಪ್ರಿಲ್: ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ 1 ಚಾಟ್‌ಗೆ ಮಾತ್ರ.
👉 2022: ಬೇರೆಯವರು ಹಾಕಿದ್ದನ್ನು ಎಲ್ಲರ ಫೋನಿನಿಂದ ಅಳಿಸುವ ಬಟನ್, ಅಡ್ಮಿನ್ ಕೈಗೆ.

5 ಬಂತು ನೋಡ್ರಿ ಮತ್ತ. 2012ರಲ್ಲಿ ಸರ್ಕಾರ ಎಸ್‌ಎಂಎಸ್‌ಗೆ ಹಾಕಿದ ಮಿತಿಯೇ 2018ರಲ್ಲಿ ಕಂಪನಿ ಹಾಕಿಕೊಂಡ ಮಿತಿ. ಆದರೆ ಲೆಕ್ಕ ಹಾಕ್ರಿ: ಒಬ್ಬ 5 ಗ್ರೂಪಿಗೆ ಕಳಿಸಿದ, ಪ್ರತಿ ಗ್ರೂಪಿನಲ್ಲಿ 256 ಜನ. 1280 ಫೋನು. ಮಿತಿ ಹರಿವನ್ನು ನಿಧಾನ ಮಾಡ್ತದ, ನಿಲ್ಲಿಸೋದಿಲ್ಲ.

ಈಗ ಮೊದಲ ಭಾಗದ ಪ್ರಶ್ನೆಗೆ ಉತ್ತರ. ಜವಾಬ್ದಾರಿ ಬಂದದ್ದು 2017. ಬಟನ್ ಬಂದದ್ದು 2022. ನಡುವೆ ಐದು ವರ್ಷ. ಆ ಐದು ವರ್ಷ ಅಡ್ಮಿನ್‌ನನ್ನು ಹಿಡಿಯಬಹುದಿತ್ತು, ಆದರೆ ಅವನಿಗೆ ಆ ಫೋಟೋ ಅಳಿಸಲು ಆಗ್ತಿರಲಿಲ್ಲ. 2004ರ ಆರ್ಕುಟ್ ಓನರ್‌ಗೆ ಇದ್ದದ್ದು 2018ರ ಅಡ್ಮಿನ್‌ಗೆ ಇರಲಿಲ್ಲ.

ನ್ಯಾಯಾಲಯಗಳಿಗೂ ಇದು ಕಂಡಿತು. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರ ಫೆಬ್ರುವರಿಯಲ್ಲಿ ಕೇರಳ ಹೈಕೋರ್ಟ್, ಬೇರೆ ಸದಸ್ಯ ಹಾಕಿದ ತಪ್ಪಿಗೆ ಅಡ್ಮಿನ್ ಅನ್ನುವ ಒಂದೇ ಕಾರಣಕ್ಕೆ ಅವನನ್ನು ಹೊಣೆ ಮಾಡಲಾಗದು ಅಂತ ಹೇಳಿದವು.

ಹಂಗಂತ ಅಡ್ಮಿನ್‌ಗೆ ಏನೂ ಮಾಡಲು ಆಗ್ತಿರಲಿಲ್ಲ ಅಂತಲ್ಲ. “ಇದು ಖರೇ ಅಲ್ಲ, ಯಾರೂ ಫಾರ್ವರ್ಡ್ ಮಾಡಬ್ಯಾಡ್ರಿ” ಅಂತ ಒಂದು ಸಾಲು ಬರೆಯಲು ಯಾವ ಬಟನ್ನೂ ಬೇಕಿರಲಿಲ್ಲ. ಯಾವ ಗ್ರೂಪಿನಲ್ಲಾದರೂ ಆ ಒಂದು ಸಾಲು ಬರೆದವರ ಹೆಸರು ಪತ್ರಿಕೆಯಲ್ಲಿ ಬರೋದಿಲ್ಲ, ಯಾಕಂದ್ರ ಅಲ್ಲಿ ಯಾರೂ ಸಾಯೋದಿಲ್ಲ.

ಭಾಗ 7/9 | ಬಟನ್ ಸಿಕ್ಕ ಮೇಲೆ ಏನು? 2010ರ ಜಗಳ

ಈಗ ಬಟನ್ ಐತಿ. ಎಲ್ಲಾ ಮುಗಿದಂಗ ಆಯ್ತಾ? ಇಲ್ಲ. ಬಟನ್ ಮೊದಲಿನಿಂದಲೂ ಇದ್ದ ವಿಕಿಮೀಡಿಯ ಕಾಮನ್ಸ್‌ಗೆ ವಾಪಸ್ ಹೋಗೋಣ.

2010ರ ಏಪ್ರಿಲ್. ವಿಕಿಪೀಡಿಯ ಕಟ್ಟಿದವರಲ್ಲಿ ಒಬ್ಬರಾಗಿ, ಆಮೇಲೆ ಅದನ್ನು ಬಿಟ್ಟು ಹೋಗಿದ್ದ ಲ್ಯಾರಿ ಸ್ಯಾಂಗರ್, ಕಾಮನ್ಸ್‌ನಲ್ಲಿ ಮಕ್ಕಳನ್ನು ಲೈಂಗಿಕವಾಗಿ ತೋರಿಸುವ ಚಿತ್ರಗಳಿವೆ ಅಂತ ಅಮೆರಿಕದ ಎಫ್‌ಬಿಐಗೆ ಪತ್ರ ಬರೆದರು. ಟಿವಿಯಲ್ಲಿ ಸುದ್ದಿ ಆಯಿತು. ಇನ್ನೊಬ್ಬ ಸ್ಥಾಪಕ ಜಿಮ್ಮಿ ವೇಲ್ಸ್ ಮೇ ತಿಂಗಳಲ್ಲಿ ತಾವೇ ಕೂತು ಚಿತ್ರಗಳನ್ನು ಅಳಿಸಲು ಶುರು ಮಾಡಿದರು.

ಸ್ವಯಂಸೇವಕರು ಸಿಟ್ಟಾದರು. ಕೆಟ್ಟ ಚಿತ್ರ ಇರಲಿ ಅಂತ ಅಲ್ಲ. ಅವಸರದಲ್ಲಿ ಹಳೆಯ ಕಲಾವಿದರ ಕೃತಿಗಳೂ ಅಳಿಸಿಹೋಗಿದ್ದವು. ಯಾರನ್ನೂ ಕೇಳದೆ, ಚರ್ಚೆ ಇಲ್ಲದೆ ಅಳಿಸಿದ್ದು ಅವರ ತಕರಾರು. ಹಲವು ಚಿತ್ರ ವಾಪಸ್ ಬಂದವು. ಕೊನೆಗೆ ವೇಲ್ಸ್ ತಮ್ಮ ವಿಶೇಷ ಅಧಿಕಾರಗಳಲ್ಲಿ ಹಲವನ್ನು ತಾವೇ ಬಿಟ್ಟುಕೊಟ್ಟರು. ಸ್ಥಾಪಕನೇ ಆದರೂ ಒಬ್ಬನೇ ಕೂತು ಅಳಿಸುವಂತಿಲ್ಲ ಅಂತ ಪುಕ್ಕಟೆ ದುಡಿಯುವ ಜನ ತೋರಿಸಿಕೊಟ್ಟರು.

ಆ ಜಾಗದ ಪದ್ಧತಿಯಲ್ಲಿ ನಾವು ಕಲಿಯಬಹುದಾದ ಮೂರು ಸಂಗತಿ ಅದಾವ.

ಒಂದು, ಅಡ್ಮಿನ್‌ಗಳನ್ನು ಉಳಿದ ಸ್ವಯಂಸೇವಕರು ಚರ್ಚಿಸಿ ಆರಿಸತಾರ. ಮೊದಲು ಬಂದವನೇ ಅಡ್ಮಿನ್ ಅಂತ ಇಲ್ಲ.

ಎರಡು, ಏನು ಅಳಿಸಿದರು, ಯಾರು ಅಳಿಸಿದರು, ಯಾಕ ಅಳಿಸಿದರು ಅನ್ನುವ ದಾಖಲೆ ಉಳೀತದ. ತಪ್ಪಾಗಿದ್ದರೆ ವಾಪಸ್ ಕೇಳುವ ಜಾಗವೂ ಐತಿ.

ಮೂರು, ಎರಡು ವೇಗ. ಅನುಮಾನ ಇರುವ ಚಿತ್ರಕ್ಕೆ ಸಾಮಾನ್ಯವಾಗಿ ಏಳು ದಿನ ಚರ್ಚೆ. ಆದರೆ ಒಬ್ಬ ಮನುಷ್ಯನಿಗೆ ಈಗಲೇ ಹಾನಿ ಮಾಡುವಂಥದ್ದಾದರೆ ಚರ್ಚೆ ಇಲ್ಲ, ತಕ್ಷಣ ತೆಗೆಯುವುದು. ತೀರಾ ಖಾಸಗಿ ಸಂಗತಿ ಇದ್ದರೆ ಉಳಿದ ಅಡ್ಮಿನ್‌ಗಳಿಗೂ ಕಾಣದಂತೆ ಮುಚ್ಚುವ ವ್ಯವಸ್ಥೆ ಐತಿ.

ವಾಟ್ಸ್‌ಆ್ಯಪ್‌ನಲ್ಲೂ ಅಡ್ಮಿನ್ ಅಳಿಸಿದರೆ “ಇಂಥ ಅಡ್ಮಿನ್ ಅಳಿಸಿದ್ದಾರೆ” ಅಂತ ಹೆಸರು ಸಮೇತ ಕಾಣ್ತದ. ಅದು ಸಣ್ಣ ದಾಖಲೆಯೇ. ಹೆಸರು ಕಾಣ್ತದ ಅಂತ ಅಂಜಿ ಅಳಿಸದೆ ಬಿಡೋರೂ ಇರಬಹುದು. ಅಂಜಬ್ಯಾಡ್ರಿ. ಆ ಹೆಸರು ಕಾಣೋದು ಒಳ್ಳೆಯದು.

ಭಾಗ 8/9 | ಫೋಟೋದ ಹೆಬ್ಬೆಟ್ಟು

“ಇದನ್ನೆಲ್ಲಾ ಕಂಪ್ಯೂಟರೇ ಮಾಡಬಾರದಾ?” ಅಂತ ಕೇಳಬಹುದು. ಒಂದಷ್ಟು ಮಾಡ್ತದ.

2009ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಮತ್ತು ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕ ಹ್ಯಾನಿ ಫರೀದ್ ಸೇರಿ ಫೋಟೋಡಿಎನ್‌ಎ ಅನ್ನುವ ತಂತ್ರ ತಯಾರಿಸಿದರು. ಫೋಟೋವನ್ನು ಕಪ್ಪು ಬಿಳುಪು ಮಾಡಿ, ಚೌಕಚೌಕವಾಗಿ ವಿಂಗಡಿಸಿ, ಬೆಳಕು ನೆರಳಿನ ಏರಿಳಿತವನ್ನು ಅಂಕಿಗಳಾಗಿ ಬರೆಯುವುದು. ಅದೇ ಫೋಟೋದ ಹೆಬ್ಬೆಟ್ಟು. ಅಳತೆ ಸ್ವಲ್ಪ ಬದಲಾದರೂ ಹೆಬ್ಬೆಟ್ಟು ಹೊಂದುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ ಅಂತ ಒಮ್ಮೆ ಗುರುತಿಸಿದ ಫೋಟೋ ಮತ್ತೆಲ್ಲಿ ಬಂದರೂ ಮನುಷ್ಯರು ಅದನ್ನು ಮತ್ತ ಮತ್ತ ನೋಡದೆ ಹಿಡಿಯಬಹುದು. ವಿಕಿಮೀಡಿಯದಲ್ಲೂ ಇದರ ಬಳಕೆ ಐತಿ. ವಾಟ್ಸ್‌ಆ್ಯಪ್‌ನಲ್ಲಿ ಪ್ರೊಫೈಲ್ ಫೋಟೋ, ಗ್ರೂಪ್ ಫೋಟೋಗಳಿಗೆ ಬಳಸತಾರ. ಮೆಸೇಜಿನೊಳಗೆ ಬೀಗ ಇರೋದರಿಂದ ಅಲ್ಲಿಗೆ ಹೋಗೋದಿಲ್ಲ.

ಇದರ ಮಿತಿ ಏನಂದ್ರ, ಹಳೆಯ ಫೋಟೋ ಹಿಡೀತದ, ಇವತ್ತು ಹೊಸದಾಗಿ ತಿರುಚಿದ್ದನ್ನು ಹಿಡಿಯೋದಿಲ್ಲ. 2023ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖ ಬೇರೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿದ್ದು ನೆನಪೈತಿ ಅಲ್ಲಾ? ಅವರ ಪರವಾಗಿ ಇಡೀ ದೇಶ ಮಾತಾಡಿತು, ದೆಹಲಿ ಪೊಲೀಸರು ಆರೋಪಿಯನ್ನು ಹಿಡಿದರು. ನಮ್ಮ ಕ್ಲಾಸಿನ ಹುಡುಗಿಯ ಮುಖ ಅಂಟಿಸಿದರೆ ಇಡೀ ದೇಶ ಬರೋದಿಲ್ಲ. ಅಪ್ಪ ಅವ್ವ ಫೋನ್ ಕಸಿದುಕೊಳ್ತಾರ, ಕಾಲೇಜು ಬಿಡಸತಾರ. ತಪ್ಪು ಒಬ್ಬನದು, ಶಿಕ್ಷೆ ಆಕೆಗೆ.

ಕಾಯ್ದೆ ಐತಿ. ಐಟಿ ಕಾಯ್ದೆಯ 66ಇ ಪ್ರಕಾರ ಒಬ್ಬರ ಖಾಸಗಿ ಅಂಗದ ಚಿತ್ರ ಅವರ ಒಪ್ಪಿಗೆ ಇಲ್ಲದೆ ತೆಗೆದರೆ, ಕಳಿಸಿದರೆ 3 ವರ್ಷದವರೆಗೆ ಜೈಲು. 67ಎ ಪ್ರಕಾರ ಲೈಂಗಿಕ ಚಿತ್ರ ಹಂಚಿದರೆ ಮೊದಲ ಸಲವೇ 5 ವರ್ಷದವರೆಗೆ. ಮಕ್ಕಳದ್ದಾದರೆ 67ಬಿ ಮತ್ತು ಪೋಕ್ಸೊ. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇನ್ನೂ ಗಟ್ಟಿ: ಮಕ್ಕಳ ಅಂಥ ಚಿತ್ರವನ್ನು ಅಳಿಸದೆ, ವರದಿ ಮಾಡದೆ ಇಟ್ಟುಕೊಳ್ಳೋದೂ ಅಪರಾಧ ಆಗಬಹುದು. 2021ರ ಐಟಿ ನಿಯಮ, ತಿರುಚಿದ ಅಥವಾ ಖಾಸಗಿ ಚಿತ್ರದ ಬಗ್ಗೆ ದೂರು ಬಂದರೆ ತೆಗೆಯಲು ಕಂಪನಿಗಳಿಗೆ 24 ಗಂಟೆ ಕೊಟ್ಟಿತು.

ಕಾಯ್ದೆ ಗಂಟೆ ಎಣಸತದ. ಫೋಟೋ ನಿಮಿಷದಾಗ ಓಡತದ. ಈ ಎರಡರ ನಡುವಿನ ಹೊತ್ತು ಅಡ್ಮಿನ್‌ದು.

ಭಾಗ 9/9 | ನಮ್ಮ ಗ್ರೂಪಿಗೆ ಬರೋಣ

ಈ ಇತಿಹಾಸದಿಂದ ನಮ್ಮ ಕ್ಲಾಸಿನ, ನಮ್ಮ ಓಣಿಯ, ತಿಕೋಟಾ ಬಬಲೇಶ್ವರದ ಗ್ರೂಪುಗಳಿಗೆ ತಗೊಂಡು ಹೋಗುವಂಥದ್ದು ಇಷ್ಟು.

👉 ಒಬ್ಬನೇ ಅಡ್ಮಿನ್ ಬ್ಯಾಡ. ಅವನು ಮಲಗಿದಾಗ, ನೆಟ್‌ವರ್ಕ್ ಇಲ್ಲದ ತ್ವಾಟದಾಗ ಇದ್ದಾಗ ಯಾರು? ಕಡಿಮೆ ಅಂದ್ರ ಮೂವರು ಇರಲಿ. ಹುಡುಗ ಹುಡುಗಿಯರಿಬ್ಬರೂ ಇರುವ ಗ್ರೂಪಿನಲ್ಲಿ ಒಬ್ಬಾಕಿಯಾದರೂ ಹುಡುಗಿ ಅಡ್ಮಿನ್ ಇರಬೇಕು. ಫೋಟೋ ಹಾಕಿದವನ ಜಿಗರಿ ದೋಸ್ತನೇ ಅಡ್ಮಿನ್ ಆಗಿದ್ದರೆ ಆಕೆ ಯಾರಿಗೆ ಹೇಳಬೇಕು?

👉 ಎರಡು ವೇಗ ಇಟ್ಟುಕೊಳ್ರಿ. ರಾಜಕೀಯ ಮೀಮ್, ಸಿನಿಮಾ ಜಗಳ, ಇವಕ್ಕೆ ನಿಧಾನ. ಮಾತಾಡಿ ತೀರ್ಮಾನ ಮಾಡ್ರಿ. ಗುರುತಿಸಬಹುದಾದ ಒಬ್ಬ ಮನುಷ್ಯನ ಮರ್ಯಾದೆಗೋ ಜೀವಕ್ಕೋ ಕುತ್ತು ತರುವ ಫೋಟೋ ಇದ್ದರೆ ಮೊದಲು ಅಳಿಸ್ರಿ, ಆಮೇಲೆ ಕೇಳ್ರಿ.

👉 ಅಳಿಸಿ ಸುಮ್ಮನೆ ಕೂಡಬ್ಯಾಡ್ರಿ. ಒಂದು ಸಾಲು ಬರೀರಿ: ಏನಿತ್ತು, ಯಾಕ ತೆಗೆದೆ, ಯಾರೂ ಉಳಿಸಿಕೊಳ್ಳಬ್ಯಾಡ್ರಿ. ಬಟನ್ ಒತ್ತಿದರೆ ಗ್ರೂಪಿನಿಂದ ಹೋಗ್ತದ, ಅಷ್ಟರಾಗ ಫಾರ್ವರ್ಡ್ ಆದದ್ದು ಹೋಗೋದಿಲ್ಲ.

👉 “ಇದು ಖರೇನೇನ್ರಿ?” ಅಂತ ಕೇಳಲಿಕ್ಕೆ ಅದೇ ಫೋಟೋ ಇನ್ನೊಂದು ಗ್ರೂಪಿಗೆ ಹಾಕಬ್ಯಾಡ್ರಿ. ಮಾತಿನಲ್ಲಿ ಕೇಳ್ರಿ. ಎಷ್ಟೋ ಸುಳ್ಳು ಫೋಟೋ ಹಬ್ಬೋದೇ ಹಿಂಗ ಕೇಳೋರಿಂದ.

👉 ಫೋಟೋ ನಿಮ್ಮದೇ ಆಗಿದ್ದರೆ, ಯಾವ ನಂಬರ್, ಯಾವ ಗ್ರೂಪ್, ಎಷ್ಟು ಹೊತ್ತಿಗೆ ಅಂತ ಬರೆದಿಟ್ಟುಕೊಳ್ರಿ. ದೂರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಐತಿ, ಅಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಷಯಕ್ಕೇ ಬೇರೆ ವಿಭಾಗ ಐತಿ. ಫೋನು 1930. ಮಕ್ಕಳ ವಿಷಯ ಆದರೆ 1098. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ಮಕ್ಕಳ ಲೈಂಗಿಕ ಚಿತ್ರ ಆಗಿದ್ದರೆ ಸಾಕ್ಷಿ ಅಂತ ಸ್ಕ್ರೀನ್‌ಶಾಟ್ ತೆಗೆಯಬ್ಯಾಡ್ರಿ, ಯಾರಿಗೂ ಕಳಿಸಬ್ಯಾಡ್ರಿ. ನೇರವಾಗಿ ವರದಿ ಮಾಡ್ರಿ.

👉 18 ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ ಅನ್ನುವ ಸೇವೆ 2021ರಿಂದ ಐತಿ. 18ರ ಒಳಗಿನ ಫೋಟೋಗೆ ಟೇಕ್ ಇಟ್ ಡೌನ್, 2023ರಿಂದ. ಎರಡರಲ್ಲೂ ಫೋಟೋ ಕಳಿಸುವ ಹಂಗಿಲ್ಲ. ನಿಮ್ಮ ಫೋನಿನಲ್ಲೇ ಹೆಬ್ಬೆಟ್ಟು ತಯಾರಾಗಿ ಅದು ಮಾತ್ರ ಹೋಗ್ತದ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಂಪನಿಗಳು ಅದನ್ನು ಹೋಲಿಸಿ ತಡೀತಾವ.

ಮುರ್ಕಿಯಲ್ಲಿ ಸತ್ತವರು ಯಾರ ಮಗುವನ್ನೂ ಕದ್ದಿರಲಿಲ್ಲ. ಚಾಕಲೇಟ್ ಕೊಟ್ಟವರನ್ನು ಕಳ್ಳರನ್ನಾಗಿ ಮಾಡಿದ್ದು ಒಂದು ಚಿತ್ರ, ಒಂದು ಸಾಲು ಮಾತು, ಮತ್ತು ಅದನ್ನು ತಡೆಯದೆ ಮುಂದಕ್ಕೆ ಸಾಗಿಸಿದ ನೂರಾರು ಬೆರಳು. ಆವತ್ತು ಅಡ್ಮಿನ್ ಕೈಯಲ್ಲಿ ಅದನ್ನು ಎಲ್ಲರ ಫೋನಿನಿಂದ ತೆಗೆಯುವ ಬಟನ್ ಇರಲಿಲ್ಲ. ಇವತ್ತು ನಮ್ಮ ಕೈಯಲ್ಲಿ ಐತಿ. 2018ರಲ್ಲಿ ಹೇಳಬಹುದಾಗಿದ್ದ ಒಂದು ನೆಪ ಈಗ ಉಳಿದಿಲ್ಲ.

ಈ ಪೋಸ್ಟ್ ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡ್ರಿ. ನೀವಿರುವ ದೊಡ್ಡ ಗ್ರೂಪ್ ತೆರೆದು ಅಡ್ಮಿನ್ ಯಾರ‍್ಯಾರು ನೋಡ್ರಿ. ನಂಬರ್ ಬಿಟ್ಟು ಹೋದವರು, ಗ್ರೂಪ್ ನೋಡದವರು ಇದ್ದರೆ ಬದಲಿಸಲು ಹೇಳ್ರಿ. ನೀವೇ ಅಡ್ಮಿನ್ ಆಗಿದ್ದರೆ ಇನ್ನಿಬ್ಬರನ್ನು ಸೇರಿಸ್ರಿ. ನಿಮ್ಮ ಗ್ರೂಪಿನಲ್ಲಿ ಯಾವ ನಿಯಮ ಇಟ್ಟುಕೊಂಡೀರಿ ಅಂತ ಕಾಮೆಂಟಿನಲ್ಲಿ ಬರೀರಿ. ಬರೀ ಬರೀರಿ, ಫೋಟೋ ಬ್ಯಾಡ.

#ವಿಜಯಪುರ #ತಿಕೋಟಾ #ಬಬಲೇಶ್ವರ #ಫೋನಿನಇತಿಹಾಸ #ಗ್ರೂಪ್‌ಅಡ್ಮಿನ್